ಎಣಿಸಲಾಗುವುದು, ತೆರೆಯಲಾಗುವುದಿಲ್ಲ

ಜನವರಿ ೨೮

ಮಾವನವರಿಗೆ ಅಂಗಡಿಯ ಏಣಿಯ ಮೇಲಿಂದ ನಮಸ್ಕಾರ.

ಏಣಿಯ ಮೇಲೆ ಯಾಕೆಂದರೆ ಕೆಳಗೆ ಕೂರಲು ಜಾಗವಿಲ್ಲ. ಬಾಗಿಲಿಂದ ಗಲ್ಲಾಪೆಟ್ಟಿಗೆಯ ತನಕ ಒಬ್ಬರು ಓರೆಯಾಗಿ ದಾಟುವಷ್ಟು ದಾರಿ ಬಿಟ್ಟರೆ ಮಿಕ್ಕಿದ್ದೆಲ್ಲ ಶೂ ಡಬ್ಬಿ. ಅಟ್ಟ ತುಂಬಿದೆ, ಅಳತೆ ನೋಡುವ ಬೆಂಚಿನ ಅಡಿ ತುಂಬಿದೆ. ಮೊನ್ನೆ ನಿಮ್ಮ ಮಗ, "ಇನ್ನು ಮಲಗೋ ಕೋಣೆಗೂ ತರ್ತೀಯೇನೇ?" ಅಂದರು. ತರುವವಳೇ ಇದ್ದೆ, ಅವರು ಕೇಳಿದ ಮೇಲೆ ಸುಮ್ಮನಾದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅರ್ಧ ಮಾತು ನಿಮಗೆ ಕೇಳಿಸುವುದಿಲ್ಲ, ಇನ್ನರ್ಧಕ್ಕೆ ನಿಮ್ಮ ಮಗಳು ಅಲ್ಲಿಂದ ಉತ್ತರ ಕೊಡುತ್ತಾಳೆ. ಅದಕ್ಕೇ ಕಾಗದ.

ನೀವು ಅಂಗಡಿಯನ್ನು ನನ್ನ ಕೈಗಿಟ್ಟು ಮಗಳ ಮನೆಗೆ ಹೋದ ಮೇಲೆ ಕಂಪನಿಯ ಜೊತೆ ನಾನು ಮಾಡಿಕೊಂಡ ಕರಾರು ನಿಮಗೆ ಗೊತ್ತು. ವರ್ಷಕ್ಕೆ ಸಾವಿರದ ಇನ್ನೂರು ಜೊತೆ ಅವರಿಂದ ಕೊಂಡು ಎತ್ತಿದರೆ, ಮೊದಲ ಜೊತೆಯಿಂದ ಹಿಡಿದು ಎಲ್ಲದರ ಮೇಲೂ ನೂರಕ್ಕೆ ಎಂಟು ವಾಪಸ್. ಒಂದೇ ಒಂದು ಜೊತೆ ಕಡಿಮೆಯಾದರೂ ಸೊನ್ನೆ. ಮಾರದೆ ಉಳಿದ ಮಾಲು ಅವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್ ಕೊನೆಯ ವಾರ ಎಣಿಸಿ ನೋಡಿದರೆ ತೊಂಬತ್ತಾರು ಜೊತೆ ಕೊರತೆ. ಕಂಪನಿಯಿಂದ ಬರುವ ಟೈ ಸಾಹೇಬರು ಬಂದವರೇ, "ಅಕ್ಕಾ, ಎಂಟು ರಟ್ಟಿನ ಪೆಟ್ಟಿಗೆ ತಗೊಂಡ್ರೆ ಗುರಿ ಮುಟ್ಟಿಬಿಡ್ತೀರ. ಆದ್ರೆ ಗೋದಾಮಲ್ಲಿ ಈಗ ಇರೋದು ಹಳದಿ ಶೂ ಮಾತ್ರ" ಅಂದರು. ಹಳದಿ ಎಂದರೆ ಸಾಮಾನ್ಯ ಹಳದಿಯಲ್ಲ ಮಾವ, ಕಣ್ಣಿಗೆ ರಾಚುವಂಥದ್ದು. ತಗೊಂಡೆ. ಇವತ್ತಿನವರೆಗೆ ಹೋಗಿರುವುದು ಒಂದೇ ಜೊತೆ, ಅದನ್ನು ಹಾಕಿಕೊಂಡು ಓಡಾಡುತ್ತಿರುವವರು ನಿಮ್ಮ ಮಗ.

ಕಂಪನಿಯನ್ನು ದೂರುತ್ತಿಲ್ಲ. ಎಂಟರ ಲೆಕ್ಕ ಸರಿಯಾಗಿ ಬಂತು, ನಿಮ್ಮ ಮೊಣಕಾಲಿನ ಆಪರೇಷನ್ನಿನ ಬಾಕಿ ಅದರಲ್ಲೇ ತೀರಿತು. ಆ ಉಪಕಾರ ಮರೆಯುವವಳಲ್ಲ ನಾನು.

ಆದರೆ ಹಳದಿಗೆ ಜಾಗ ಮಾಡಲು ಅಟ್ಟದ ಹಿಂದಿನ ಸಾಲು ಖಾಲಿ ಮಾಡಿದೆ. ನಿಮ್ಮ ಕಾಲದ್ದು, ಆ ಸಣ್ಣ ಕಾರ್ಖಾನೆಯವರಿಂದ ತರಿಸುತ್ತಿದ್ದಿರಲ್ಲ, ಮೂರನೇ ನಂಬರು, ನಾಲ್ಕನೇ ನಂಬರು, ಹನ್ನೊಂದು, ಎಲ್ಲ ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ. ಮಾರನೇ ದಿನವೇ ಒಬ್ಬಳು ಹುಡುಗಿ ಬಂದಳು, ಇಪ್ಪತ್ತರ ಆಸುಪಾಸು. "ತಾತ ಇಲ್ವಾ? ನನ್ನ ಅಳತೆ ಅವರಿಗೆ ಗೊತ್ತು" ಅಂದಳು. ಬೆಂಚಿನ ಮೇಲೆ ಕೂರಿಸಿ ನೋಡಿದೆ. ಬಲಗಾಲು ಆರು, ಎಡಗಾಲು ನಾಲ್ಕು. ಚಿಕ್ಕಂದಿನ ಜ್ವರದಿಂದ ಹಾಗಾಯಿತಂತೆ. ಈಗ ಆಸ್ಪತ್ರೆಯಲ್ಲಿ ದಾದಿ ತರಬೇತಿಗೆ ಆಯ್ಕೆಯಾಗಿದ್ದಾಳೆ, ಏಪ್ರಿಲ್ ಒಂದರಿಂದ. ಬಿಳಿ ಶೂ, ಮುಚ್ಚಿದ್ದು, ಲೇಸಿನದ್ದೇ ಆಗಬೇಕು, ಇಲ್ಲದಿದ್ದರೆ ಮೊದಲ ದಿನವೇ ವಾರ್ಡಿನೊಳಗೆ ಬಿಡುವುದಿಲ್ಲ.

"ತಾತ ಎರಡು ಜೊತೆ ಬಿಚ್ಚಿ ಒಂದು ಜೊತೆ ಮಾಡಿಕೊಡ್ತಿದ್ರು. ಒಂದರ ದುಡ್ಡೇ ತಗೊಳ್ತಿದ್ರು" ಅಂದಳು.

"ಉಳಿದ ಎರಡು?"

"ಅದು ನಂಗೊತ್ತಿಲ್ಲ ಅಕ್ಕ. ಒಂದೇ ಡಬ್ಬಿಗೆ ಹಾಕಿ ಒಳಗಿಡ್ತಿದ್ರು."

ಕಂಪನಿಯ ಬಿಳಿ ಶೂ ಐದರಿಂದ ಶುರು, ನಾಲ್ಕು ಇಲ್ಲವೇ ಇಲ್ಲ. ಮಾರ್ಚ್ ಕೊನೆಗೆ ಬಾ ಎಂದು ಧೈರ್ಯ ಹೇಳಿ ಕಳಿಸಿದ್ದೇನೆ. ಆ ಧೈರ್ಯ ನನಗೇ ಇಲ್ಲ. ನೀವು ಹೇಗೆ ಮಾಡುತ್ತಿದ್ದಿರಿ? ಬೇಗ ತಿಳಿಸಿ, ಯಾಕೆಂದರೆ ಎರಡನೇ ವರ್ಷದ ಕರಾರು ಮೇಜಿನ ಮೇಲಿದೆ. ಈ ಸಲ ಸಾವಿರದ ಐನೂರು ಜೊತೆ, ನೂರಕ್ಕೆ ಒಂಬತ್ತು, ಮತ್ತೆ ಕಪ್ಪು ಬಿಳಿ ಶೂಗಳು ಅವರದ್ದು ಬಿಟ್ಟು ಬೇರೆಯವರದು ಅಂಗಡಿಯಲ್ಲಿ ಇಡುವಂತಿಲ್ಲ. ಮಾರ್ಚ್ ಮುಗಿಯುವುದರೊಳಗೆ ಸಹಿ ಬೇಕಂತೆ.

ಕಾಲು ಮಡಚುವುದು ಎಷ್ಟಕ್ಕೆ ಬಂತು ಎಂದೂ ಬರೆಯಿರಿ.

ಏಣಿ ಇಳಿಯಲು ದಾರಿ ಹುಡುಕುತ್ತಿರುವ,
ನಿಮ್ಮ ಸೊಸೆ


ಫೆಬ್ರವರಿ ೬

ಅಂಗಡಿಯ ಯಜಮಾನಿಗೆ ಕೆಲಸ ಬಿಟ್ಟ ಮಾವನ ಆಶೀರ್ವಾದ.

ಕಾಗದ ಓದಿ ನಕ್ಕದ್ದಕ್ಕೆ ನನ್ನ ಮಗಳು ಬಂದು ನೋಡಿಹೋದಳು, ಅಪ್ಪನಿಗೇನಾಯಿತೋ ಎಂದು. "ಮಾಡಿದ್ದುಣ್ಣೋ ಮಹರಾಯ" ಅಂತ ಹೇಳುವ ಹಕ್ಕು ನನಗಿಲ್ಲ. ನಿನ್ನ ಮದುವೆಗೆ ಮುಂಚೆ, ಇನ್ನೂರು ತೆಗೆದುಕೊಂಡರೆ ಇಪ್ಪತ್ತು ಪುಕ್ಕಟೆ ಅಂದರೆಂದು ಮಳೆಗಾಲದ ರಬ್ಬರ್ ಬೂಟು ತುಂಬಿಸಿಕೊಂಡಿದ್ದೆ. ಆ ವರ್ಷ ಮಳೆಯೇ ಬರಲಿಲ್ಲ. ಪುಕ್ಕಟೆ ಬಂದ ಇಪ್ಪತ್ತು ಕೂಡ ನಾಲ್ಕು ವರ್ಷ ಅಟ್ಟದಲ್ಲಿ ನನ್ನನ್ನೇ ನೋಡುತ್ತಾ ಕೂತಿದ್ದವು. ನಿನ್ನ ಅತ್ತೆ ಇದ್ದಿದ್ದರೆ ಆ ಕಥೆಯನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದಳು.

ಮೊಣಕಾಲು ಪರವಾಗಿಲ್ಲ. ಗೇಟಿನ ತನಕ ಹೋಗಿ ಬರುತ್ತೇನೆ. ಐವತ್ತು ವರ್ಷ ಊರಿಗೆಲ್ಲ ಬೂಟು ಮಾರಿದವನಿಗೆ ಈಗ ಕಾಲು ಊದಿ ಯಾವ ಬೂಟೂ ಹಿಡಿಸುವುದಿಲ್ಲ. ಬಟ್ಟೆಯ ಚಪ್ಪಲಿಯಲ್ಲಿ ಓಡಾಡುತ್ತಿದ್ದೇನೆ, ಯಾರಿಗೂ ಹೇಳಬೇಡ. ಬಾಕಿ ತೀರಿಸಿದ್ದಕ್ಕೆ ಏನು ಹೇಳಲಿ ತಾಯಿ? ಹೆತ್ತ ಮಗ ಮರೆತದ್ದನ್ನು ನೀನು ನೆನಪಿಟ್ಟುಕೊಂಡೆ. ಬಾಯಲ್ಲಿ ಹೇಳಲು ಬರದ್ದಕ್ಕೆ ಇಲ್ಲಿ ಬರೆದಿದ್ದೇನೆ.

ಆ ಹುಡುಗಿಯ ವಿಷಯ. ನಮ್ಮ ಆರು-ನಾಲ್ಕು ದಾದಿಯಾಗುತ್ತಿದ್ದಾಳೆಯೇ? ಆರು ವರ್ಷದ ಪುಟ್ಟಿಯಾಗಿ ಬಂದಿದ್ದಳು, ಮೂಗು ಸುರಿಸುತ್ತಾ. ಬಹಳ ಸಂತೋಷ. ನಾನು ಹೇಗೆ ಮಾಡುತ್ತಿದ್ದೆ ಎಂಬುದು ಹಳೆಯ ಮಾತು, ಹೇಗೋ ಆಗುತ್ತಿತ್ತು. ನೀನು ಎಲ್ಲಿಂದಾದರೂ ಎರಡು ಜೊತೆ ತರಿಸು, ಅವಳ ಹತ್ತಿರ ಒಂದರ ದುಡ್ಡು ತೆಗೆದುಕೋ, ಇನ್ನೊಂದು ನನ್ನದು. ಕರಾರಿನ ಬಗ್ಗೆ ನಾನು ಬಾಯಿ ಹಾಕುವುದಿಲ್ಲ. ಅಂಗಡಿ ನಿನ್ನದು.

ಹಾಗೆಯೇ, ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ನನ್ನ ಹಳೆಯ ಕಾಗದಗಳಿವೆ. ಅದನ್ನು ಕೆದಕಲು ಹೋಗಬೇಡ. ಇಲಿ ಇದ್ದರೂ ಇರಬಹುದು.

ಗೇಟಿನ ತನಕ ಹೋಗಿಬಂದ,
ನಿನ್ನ ಮಾವ


ಫೆಬ್ರವರಿ ೧೭

ಮಾವನವರಿಗೆ,

ಡ್ರಾಯರಿನಲ್ಲಿ ಇಲಿ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೀವು ಯಾರೂ ಏನೂ ಅನ್ನುವ ಮುಂಚೆಯೇ ಮುಟ್ಟಿಕೊಂಡಿದ್ದೀರಿ. ಆಮೇಲೆ ನಾನು ತೆರೆಯದೆ ಇರುತ್ತೇನೆಯೇ?

ಶೂ ಲೇಸಿನಲ್ಲಿ ಕಟ್ಟಿಟ್ಟ ಕರಾರುಗಳ ಕಂತೆ ಸಿಕ್ಕಿತು. ಎಲ್ಲವೂ ಆ ಸಣ್ಣ ಕಾರ್ಖಾನೆಯವರದು, ವರ್ಷಕ್ಕೊಂದು ಹಾಳೆ. ಕಂಪನಿಯ ಹದಿನೆಂಟು ಪುಟದ ಕರಾರನ್ನೂ ಇದನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ಮಧ್ಯಾಹ್ನವೆಲ್ಲ ಕೂತೆ. ಗಿರಾಕಿಗಳು ಬಂದರೆ ಓರೆಯಾಗಿ ನಿಂತೇ ಇರಲಿ ಎಂದು ಬಿಟ್ಟೆ.

ನಾನು ಇಷ್ಟು ದಿನ ಏನು ಅಂದುಕೊಂಡಿದ್ದೆ ಗೊತ್ತೇ? ನೀವು ಹಳೇ ಕಾಲದವರು, ಲೆಕ್ಕ ಬರುವುದಿಲ್ಲ, ಯಾರೂ ಕೇಳದ ಮೂರು ಮತ್ತು ಹನ್ನೊಂದನ್ನು ಪ್ರೀತಿಗೆ ಇಟ್ಟುಕೊಂಡಿದ್ದೀರಿ ಎಂದು. ಲೆಕ್ಕ ಅಲ್ಲೇ ಇದೆ. ಅವರ ಹಾಳೆಯಲ್ಲಿ ಬಹುಮಾನವೂ ಇಲ್ಲ, ಗುರಿಯೂ ಇಲ್ಲ. ವರ್ಷದ ಕೊನೆಗೆ ಮಾರದೆ ಉಳಿದ ಜೊತೆಗಳನ್ನು ಕೊಂಡ ಬೆಲೆಯ ಮುಕ್ಕಾಲಿಗೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಇದೆ, ಅಷ್ಟೇ. ಉಳಿದರೆ ಕಾಲು ಭಾಗ ಮಾತ್ರ ನಿಮ್ಮ ತಲೆಗೆ. ಅದಕ್ಕೇ ನಿಮಗೆ ಹನ್ನೊಂದನೇ ನಂಬರು ಇಡುವ ಧೈರ್ಯ ಬಂತು. ನನ್ನ ಕರಾರಿನಲ್ಲಿ ಉಳಿದದ್ದು ಪೂರ್ತಿ ನನ್ನ ತಲೆಗೆ, ಎತ್ತಿದ್ದಕ್ಕೆ ಬಹುಮಾನ. ಹಾಗಾಗಿ ಆರು ಏಳು ಎಂಟು ಬಿಟ್ಟು ನಾನು ಏನನ್ನೂ ಇಡುವುದಿಲ್ಲ, ವರ್ಷದ ಕೊನೆಗೆ ಮಾತ್ರ ಯಾರಿಗೂ ಬೇಡದ ಹಳದಿ ಎತ್ತುತ್ತೇನೆ. ನಾನು ಕೆಟ್ಟವಳೂ ಅಲ್ಲ, ನೀವು ದೇವರೂ ಅಲ್ಲ. ಅಂಗಡಿಯ ಅಟ್ಟ ನೋಡಿದರೆ ಅಂಗಡಿಯವರ ಕರಾರು ಎಂಥದೆಂದು ಹೇಳಿಬಿಡಬಹುದು.

ಇದು ಅರ್ಥವಾಯಿತು. ಅರ್ಥವಾಗದ್ದು ಒಂದಿದೆ. ಮೊದಲ ಎರಡು ವರ್ಷದ ಹಾಳೆಗಳಲ್ಲಿ ಇಲ್ಲದ ಒಂದು ಸಾಲು, ಆರು-ನಾಲ್ಕು ಬರಲು ಶುರುವಾದ ಮೇಲಿನ ಮೂರನೇ ವರ್ಷದಿಂದ ಪ್ರತಿ ಹಾಳೆಯಲ್ಲೂ ಇದೆ. ಟೈಪ್ ಮಾಡಿದ್ದಲ್ಲ, ಶಾಯಿಯಲ್ಲಿ ಕೈಬರಹ. "ಹಿಂದಿರುಗಿದ ಪೆಟ್ಟಿಗೆಗಳನ್ನು ಎಣಿಸಲಾಗುವುದು, ತೆರೆಯಲಾಗುವುದಿಲ್ಲ."

ಶೂ ಮಾಡುವವರು ವಾಪಸ್ ಬಂದ ಪೆಟ್ಟಿಗೆಯನ್ನು ತೆರೆದು ನೋಡುವುದಿಲ್ಲ ಎಂದು ಯಾಕೆ ಬರೆದುಕೊಡುತ್ತಾರೆ ಮಾವ? ಆ ಹುಡುಗಿಯ ಉಳಿದ ಎರಡು ಶೂ, ಬಲಗಾಲಿನ ನಾಲ್ಕು, ಎಡಗಾಲಿನ ಆರು, ಒಂದೇ ಡಬ್ಬಿಯಲ್ಲಿ ಹಾಕಿ ಒಳಗಿಡುತ್ತಿದ್ದಿರಲ್ಲ. ಆ ಡಬ್ಬಿ ಆಮೇಲೆ ಎಲ್ಲಿಗೆ ಹೋಗುತ್ತಿತ್ತು?

ಇಲಿ ಎಂದು ಬರೆಯಬೇಡಿ.

ನಿಮ್ಮ ಸೊಸೆ


ಫೆಬ್ರವರಿ ೨೬

ಮಗಳೇ,

ನಿನ್ನ ಕಾಗದ ಬಂದು ಐದು ದಿನವಾಯಿತು. ದಿನಾ ಬರೆಯಲು ಕೂತು, ಕಾಲು ನೋವೆಂದು ಏಳುತ್ತಿದ್ದೆ. ಕಾಲು ನೋಯುತ್ತಿರಲಿಲ್ಲ.

ಹೌದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಹನ್ನೆರಡು ವರ್ಷ ಕುಡಿದೆ. ಆ ಮಗು ಮೊದಲ ಸಲ ಬಂದಾಗ ಅವಳ ಅಮ್ಮ ಎಡಗಾಲಿನ ಬೂಟಿಗೆ ಬಟ್ಟೆ ತುರುಕಿ ಹಾಕಿಸಿದ್ದಳು. ಎರಡು ಜೊತೆಗೆ ಅವಳ ಹತ್ತಿರ ದುಡ್ಡಿರಲಿಲ್ಲ. ನಾನು ಎರಡು ಡಬ್ಬಿ ತೆರೆದು ಒಂದೊಂದು ಕಾಲಿಗೆ ಹಾಕಿ, ಮಗು ನಾಲ್ಕು ಹೆಜ್ಜೆ ನೆಟ್ಟಗೆ ನಡೆದದ್ದು ನೋಡಿ, ಹಿಂದೆ ಮುಂದೆ ನೋಡದೆ ಒಂದರ ದುಡ್ಡು ಸಾಕೆಂದೆ. ಸಂಜೆ ಆ ಉಳಿದ ಎರಡನ್ನು ಕೈಯಲ್ಲಿ ಹಿಡಿದಾಗ ತಲೆ ಕೆರೆದುಕೊಂಡೆ. ವರ್ಷದ ಕೊನೆಗೆ ವಾಪಸ್ ಪೆಟ್ಟಿಗೆ ಕಟ್ಟುವಾಗ ಅವೆರಡನ್ನೂ ಒಂದೇ ಡಬ್ಬಿಗೆ ಹಾಕಿ, ಎಲ್ಲಕ್ಕಿಂತ ಅಡಿಗೆ ಇಟ್ಟೆ. ಎರಡು ಸಲ ಹೊರತೆಗೆದು ಮತ್ತೆ ಇಟ್ಟೆ. ಮುಕ್ಕಾಲು ಬೆಲೆ ತಪ್ಪದೆ ಬಂತು. ಮರುವರ್ಷ ಒಂದೇ ಸಲಕ್ಕೆ ಇಟ್ಟೆ.

ಆ ಸಾಲು ಹಾಳೆಯಲ್ಲಿ ಕಂಡಾಗ ನಾನೇನು ಅಂದುಕೊಂಡೆ ಗೊತ್ತೇ? ಅವರ ಕಡೆ ಜನ ಕಡಿಮೆ, ತೆರೆದು ನೋಡಲು ಪುರುಸೊತ್ತಿಲ್ಲ, ನನ್ನ ಅದೃಷ್ಟ ಎಂದು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಊರಿನಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಅವಳ ಅಮ್ಮ ಅಂಗಡಿಯ ಮುಂದೆ ಕೈಮುಗಿದು ಹೋಗುತ್ತಿದ್ದಳು. ಯಾರದೋ ಗಂಟಿನಲ್ಲಿ ನಾನು ದಾನಶೂರನಾದೆ. ಕಾಲು ಭಾಗ ನನ್ನದು, ಮುಕ್ಕಾಲು ಅವರದು, ಹೊಗಳಿಕೆ ಮಾತ್ರ ಪೂರ್ತಿ ನನ್ನದು.

ನೀನು ಕಂಪನಿಯ ಕಡೆ ಹೋದಾಗ ನಾನು ತಡೆಯಲಿಲ್ಲವಲ್ಲ, ಮಾವ ದೊಡ್ಡ ಮನಸ್ಸು ಮಾಡಿದರು ಅಂದೆ. ದೊಡ್ಡ ಮನಸ್ಸಲ್ಲ, ಬದುಕಿದೆಯಾ ಬಡಜೀವವೇ ಅಂತ ಉಸಿರು ಬಿಟ್ಟೆ. ಆ ಹುಡುಗಿ ಹೊಸ ಬೂಟಿಗೆ ಬಾರದೆ ಎರಡು ವರ್ಷವಾಗಿದ್ದಾಗ, ಹೋದ ವರ್ಷ, ಕಾರ್ಖಾನೆಯವರಿಂದ ಒಂದು ಕಾರ್ಡು ಬಂದಿತ್ತು. "ಎರಡು ವರ್ಷದಿಂದ ಆ ಒಂದು ಡಬ್ಬಿ ಬರಲಿಲ್ಲ. ಎಲ್ಲ ಕ್ಷೇಮವೇ?" ಅಷ್ಟೇ ಇತ್ತು. ಗೊತ್ತಾಗಿಬಿಟ್ಟಿದೆ, ಕುಟುಕುತ್ತಿದ್ದಾರೆ ಅನ್ನಿಸಿತು. ಉತ್ತರ ಬರೆಯಲಿಲ್ಲ. ಆ ಕಾರ್ಡು ಇಲ್ಲೇ ನನ್ನ ದಿಂಬಿನ ಕೆಳಗಿದೆ.

ಈಗ ನೀನು ಅವರಿಗೆ ಬರೆಯುತ್ತೀಯೆ. ನಿನ್ನ ಸ್ವಭಾವ ನನಗೆ ಗೊತ್ತು. ಬೇಡವೆನ್ನುವುದಿಲ್ಲ, ಆ ಹುಡುಗಿ ಏಪ್ರಿಲ್ ಒಂದಕ್ಕೆ ಬರಿಗಾಲಿನಲ್ಲಿ ನಿಲ್ಲಬಾರದು. ನನ್ನ ತಪ್ಪನ್ನು ಮುಚ್ಚಬೇಡ. ಅವರ ಉತ್ತರ ಕೆಟ್ಟದಾಗಿದ್ದರೆ ಮಾತ್ರ ನನಗೆ ಕಳಿಸಬೇಡ.

ನಿನ್ನ ಮಾವ


ಮಾರ್ಚ್ ೪

ಕಾರ್ಖಾನೆಯ ಯಜಮಾನರಿಗೆ, ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನಿಮ್ಮಿಂದ ವರ್ಷಗಟ್ಟಲೆ ಶೂ ತರಿಸುತ್ತಿದ್ದ ಅಂಗಡಿಯವರ ಸೊಸೆ ನಾನು. ಹೋದ ವರ್ಷ ನಿಮ್ಮ ಕರಾರನ್ನು ನವೀಕರಿಸದೆ ಒಂದು ಮಾತೂ ಹೇಳದೆ ಬಿಟ್ಟವಳೂ ನಾನೇ. ಮೊದಲು ಅದಕ್ಕೆ ಕ್ಷಮೆ ಇರಲಿ.

ನನ್ನ ಮಾವ ಹನ್ನೆರಡು ವರ್ಷ ನಿಮಗೆ ವಾಪಸ್ ಕಳಿಸಿದ ಪೆಟ್ಟಿಗೆಗಳಲ್ಲಿ ವರ್ಷಕ್ಕೊಂದು ಡಬ್ಬಿ ಜೊತೆಯಲ್ಲ, ಒಂಟಿ ಒಂಟಿ. ನಿಮ್ಮ ಹಾಳೆಯ ಕೈಬರಹದ ಸಾಲು ಓದಿದ ಮೇಲೆ ಇದು ನಿಮಗೆ ಹೊಸ ಸುದ್ದಿಯಲ್ಲ ಎಂದು ನನ್ನ ಊಹೆ. ಊಹೆ ತಪ್ಪಾಗಿದ್ದರೆ ಅಷ್ಟೂ ಡಬ್ಬಿಗಳ ಬೆಲೆ ನಾನು ಕಟ್ಟಿಕೊಡುತ್ತೇನೆ. ಅವರು ಮಾಡಿದ್ದು ಒಂದು ಹುಡುಗಿಗಾಗಿ. ಅವಳ ಬಲಗಾಲು ಆರು, ಎಡಗಾಲು ನಾಲ್ಕು. ಅವಳು ಈಗ ದಾದಿ ತರಬೇತಿಗೆ ಸೇರುತ್ತಿದ್ದಾಳೆ, ಅದಕ್ಕೆ ಬಿಳಿ ಲೇಸಿನ ಶೂ ಬೇಕು, ಏಪ್ರಿಲ್ ಒಂದರೊಳಗೆ. ಆರರದ್ದೊಂದು, ನಾಲ್ಕರದ್ದೊಂದು, ಎರಡು ಜೊತೆಯ ಬೆಲೆ ಈ ಕಾಗದದ ಜೊತೆಗಿದೆ. ಈ ಸಲ ಯಾವ ಡಬ್ಬಿಯೂ ವಾಪಸ್ ಬರುವುದಿಲ್ಲ.

ಗೌರವದಿಂದ,
ಅಂಗಡಿಯ ಸೊಸೆ


ಮಾರ್ಚ್ ೧೫

ಅಮ್ಮಾ,

ನಿಮ್ಮ ಕಾಗದವನ್ನು ನನ್ನಾಕೆಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲ ಆಕೆ ಹೊಲಿಗೆ ಯಂತ್ರ ನಿಲ್ಲಿಸಿದಳು. ಈ ಮನೆಯಲ್ಲಿ ಅದು ಸುಮ್ಮಸುಮ್ಮನೆ ನಿಲ್ಲುವುದಿಲ್ಲ.

ನಿಮ್ಮ ಊಹೆ ಸರಿ. ಮೊದಲ ವರ್ಷವೇ ಗೊತ್ತಾಯಿತು. ವಾಪಸ್ ಬಂದ ಮಾಲನ್ನು ಒರೆಸಿ ಇಡುವುದು ನನ್ನಾಕೆಯ ಕೆಲಸ. ಅಡಿಯ ಡಬ್ಬಿ ತೆರೆದು, "ನೋಡ್ರೀ ನಿಮ್ಮ ದೊಡ್ಡ ಮನುಷ್ಯರನ್ನ" ಎಂದು ಮುಂದೆ ತಂದಿಟ್ಟಳು. ಮಕ್ಕಳ ಕಪ್ಪು ಬೂಟು, ಪಟ್ಟಿಯದ್ದು, ಎಡಗಾಲು ಹತ್ತು, ಬಲಗಾಲು ಎಂಟು, ಹದಿಮೂರು ಮುಗಿದ ಮೇಲೆ ಮತ್ತೆ ಒಂದರಿಂದ ಶುರುವಾಗುವ ಮಕ್ಕಳ ನಂಬರು. ನನಗೆ ಸಿಟ್ಟು ಬಂತು. ಮೋಸ ಎಂದೆ, ಕರಾರು ಮುರಿದು ಬರೆಯುತ್ತೇನೆ ಎಂದೆ. ಕೆಲಸದ ಗಡಿಬಿಡಿಯಲ್ಲಿ ಬರೆಯಲಿಲ್ಲ. ಮರುವರ್ಷ ಇನ್ನೊಂದು ಡಬ್ಬಿ ಬಂತು. ಎಡಗಾಲು ಹನ್ನೊಂದು, ಬಲಗಾಲು ಒಂಬತ್ತು. ನನ್ನಾಕೆ ಎರಡೂ ವರ್ಷದ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು, "ಮೋಸ ವರ್ಷಕ್ಕೊಂದು ನಂಬರು ಬೆಳೆಯಲ್ಲರೀ. ಮಗು ಬೆಳೆಯುತ್ತೆ."

ಆ ಸಾಲು ಬರೆದದ್ದು ನಾನು, ಬರೆಸಿದ್ದು ಆಕೆ. "ಹೇಳಿ ಕಳಿಸಿದ್ರೆ ಆ ಅಂಗಡಿಯವರು ನಾಚಿಕೊಂಡು ನಿಲ್ಲಿಸಿಬಿಡ್ತಾರೆ. ಆ ಮಗು ಏನು ಹಾಕ್ಕೊಳ್ಳುತ್ತೆ?" ಅಂದಳು. ನೇರವಾಗಿ ಒಂದು ಜೊತೆ ಹೊಲಿದು ಕಳಿಸೋಣ ಎಂದರೆ, ನಮಗೆ ಗೊತ್ತಿದೆ ಎಂದು ಹೇಳಿದ ಹಾಗೆಯೇ ಆಗುತ್ತಿತ್ತು. ಕೇಳುವ ತನಕ ಕಾಯೋಣ ಎಂದುಕೊಂಡೆವು. ನಿಮ್ಮ ಮಾವ ಕೇಳಲಿಲ್ಲ. ನಾವು ಕಾದೆವು.

ಹನ್ನೆರಡು ಡಬ್ಬಿಗಳೂ ಆಕೆಯ ಯಂತ್ರದ ಮೇಲಿನ ಹಲಗೆಯಲ್ಲಿ ಸಾಲಾಗಿ ಇವೆ. ವರ್ಷದ ಕೊನೆಗೆ ನಿಮ್ಮ ಪೆಟ್ಟಿಗೆ ಬಂದ ದಿನ ಮೊದಲು ಅಡಿಯ ಡಬ್ಬಿಯನ್ನೇ ತೆಗೆಯುವುದು. ಈ ವರ್ಷ ಎಷ್ಟು ಬೆಳೆದಳೋ ಎಂದು. ಕೊನೆಯ ಮೂರು ಡಬ್ಬಿಯಲ್ಲಿ ನಂಬರು ಬದಲಾಗಲಿಲ್ಲ. ಬೆಳೆದು ನಿಂತಳು ಎಂದುಕೊಂಡೆವು. ಆಮೇಲೆ ಎರಡು ವರ್ಷ ಡಬ್ಬಿಯೇ ಇಲ್ಲ. ಓದು ಮುಗಿಯಿತೋ, ಬೇರೆ ಊರಿಗೆ ಹೋದಳೋ, ಏನಾದರೂ ಆಯಿತೋ. ನನ್ನಾಕೆ ದಿನಾ ಕೇಳುತ್ತಿದ್ದಳು. ಕಾರ್ಡು ಬರೆದದ್ದು ಅದಕ್ಕೆ. ಉತ್ತರ ಬರದಿದ್ದಾಗ ನಾವು ಕೆಟ್ಟದ್ದನ್ನೇ ನೆನೆದೆವು. ದಾದಿಯಾಗುತ್ತಿದ್ದಾಳೆ ಎಂದು ನಿಮ್ಮ ಮಾವನ ಮೂಲಕವಲ್ಲದಿದ್ದರೂ ನಿಮ್ಮ ಮೂಲಕ ತಿಳಿಯಿತು. ನೀವು ಕ್ಷಮೆ ಕೇಳಿದ್ದೀರಿ, ನಾವು ನಿಮಗೆ ಕೈಮುಗಿಯುತ್ತಿದ್ದೇವೆ.

ಇನ್ನೊಂದು ಮಾತು. ನಿಮ್ಮ ಮಾವ ತಮ್ಮನ್ನು ಸಾಲಗಾರ ಎಂದುಕೊಂಡಿದ್ದರೆ ತಪ್ಪು. ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ನಾನು ಬರೆದದ್ದು ಧರ್ಮಕ್ಕಲ್ಲ. ಹಾಗೆ ಬರೆದದ್ದರಿಂದ ಅವರು ಮೂರರಿಂದ ಹನ್ನೊಂದರ ತನಕ ಎಲ್ಲ ಇಟ್ಟರು, ಇಟ್ಟದ್ದರಿಂದ ಎಲ್ಲ ಕಾಲಿನವರೂ ಅಲ್ಲಿಗೆ ಬಂದರು, ನನ್ನ ಬೂಟು ಮಾರಿತು. ವರ್ಷಕ್ಕೆ ಒಂದು ಡಬ್ಬಿ ಅದರ ಮುಂದೆ ಏನು? ನಾನು ಚರ್ಮ ಕತ್ತರಿಸುವಾಗ ಹಾಳು ಮಾಡುವುದೇ ಅದಕ್ಕಿಂತ ಜಾಸ್ತಿ.

ಇದರ ಜೊತೆ ಒಂದೇ ಡಬ್ಬಿ ಕಳಿಸಿದ್ದೇನೆ. ಬಲಗಾಲು ಆರು, ಎಡಗಾಲು ನಾಲ್ಕು. ಇದು ಎರಡು ಜೊತೆ ಬಿಚ್ಚಿ ಮಾಡಿದ್ದಲ್ಲ, ಒಂದು ಜೊತೆ ಎಂದೇ ಹೊಲಿದದ್ದು. ಎರಡಕ್ಕೂ ಲೇಸಿನ ತೂತು ಆರಾರೇ ಇವೆ, ಇಲ್ಲದಿದ್ದರೆ ನೋಡಿದವರಿಗೆ ಬೇರೆಬೇರೆ ಎಂದು ಕಾಣುತ್ತದೆ. ಎಡಗಾಲಿನ ಅಡಿಯ ಅಟ್ಟೆ ಬಲಗಾಲಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ. ಒಂದು ಜೊತೆಯ ಬೆಲೆ ಇಟ್ಟುಕೊಂಡು ಇನ್ನೊಂದರದ್ದು ಹಿಂದಿರುಗಿಸಿದ್ದೇನೆ.

ಒಂದೇ ಕೋರಿಕೆ. ಕೇಳಲು ಸಂಕೋಚ. ಹಳೇ ಜೋಡು ಕಳಿಸಿ ಎನ್ನುವುದು ಮರ್ಯಾದೆಯ ಮಾತಲ್ಲ. ಆದರೂ ಆ ಹುಡುಗಿ ಹಾಕಿ ಸವೆಸಿದ ಬೂಟು ಇನ್ನೂ ಉಳಿದಿದ್ದರೆ ಕಳಿಸಿಕೊಡಿ. ಅಟ್ಟೆಯ ಸವೆತ ನೋಡಿದರೆ ನಡಿಗೆ ತಿಳಿಯುತ್ತದೆ, ಮುಂದಿನ ಜೊತೆ ಇನ್ನೂ ಸರಿಯಾಗಿ ಹೊಲಿಯಬಹುದು. ನಮ್ಮ ಹಲಗೆಯ ಮೇಲೆ ಇರುವುದೆಲ್ಲ ಅವಳು ಹಾಕದ ಕಾಲಿನವು.

ನಿಮ್ಮ ಮಾವನವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸಿ.

ಬೂಟು ಹೊಲಿಯುವ,
ಹಳೆಯ ಪರಿಚಯದವನು


ಏಪ್ರಿಲ್ ೨

ಮಾವನವರಿಗೆ,

ಅವರ ಕಾಗದ ಇದರೊಳಗಿದೆ. ಕೆಟ್ಟದ್ದಲ್ಲ. ಒಬ್ಬರೇ ಕೂತು ಓದಿ. ನಿಮ್ಮ ಮಗಳು ಬಂದು ಏನಾಯಿತಪ್ಪಾ ಎಂದು ಕೇಳಿದರೆ ಕಾಲು ನೋವು ಎನ್ನಿ.

ಹುಡುಗಿ ಮೂವತ್ತನೇ ತಾರೀಕು ಬಂದಳು. ಡಬ್ಬಿ ಒಂದೇ ಇರುವುದನ್ನು ನೋಡಿ ಮುಖ ಸಪ್ಪಗಾಯಿತು. ನಾನು ಮುಚ್ಚಳ ತೆಗೆದೆ. ಎರಡನ್ನೂ ಹಾಕಿಕೊಂಡು ಎದ್ದು ನಿಂತಳು, ಕನ್ನಡಿಯ ತನಕ ಹೋದಳು, ಬಂದಳು, ಮತ್ತೆ ಹೋದಳು. "ಅಕ್ಕ, ಎರಡೂ ಒಂದೇ ಥರ ಇದೆ" ಅಂದಳು. ಹದಿನಾಲ್ಕು ವರ್ಷ ಅವಳು ಕಾಲಿಗೆ ಹಾಕಿದ್ದು ಒಂದಕ್ಕೊಂದು ಗುರುತಿಲ್ಲದ ಎರಡು ಶೂ. ಜೊತೆ ಎಂದು ಹಾಕಿಕೊಂಡದ್ದು ಮೊದಲ ಸಲ. ಬೆಂಚಿನ ಮೇಲೆ ಕೂತು ಅತ್ತಳು. ನಾನು ಲೇಸು ಕಟ್ಟುತ್ತಿದ್ದೆ, ಹಾಗಾಗಿ ನನ್ನ ಮುಖ ಅವಳಿಗೆ ಕಾಣಲಿಲ್ಲ.

ಆಮೇಲೆ ಎಲ್ಲವನ್ನೂ ಹೇಳಿದೆ. ನಿಮ್ಮ ಬಗ್ಗೆ ಬೇಜಾರು ಮಾಡಿಕೊಳ್ಳುತ್ತಾಳೇನೋ ಎಂದು ಭಯವಿತ್ತು. ಅವಳು ಲೇಸಿನ ತುದಿ ಸರಿಮಾಡಿಕೊಳ್ಳುತ್ತಾ, "ಹಂಗಾದ್ರೆ ನಂಗೆ ಅಜ್ಜ ಅಜ್ಜಿ ಇನ್ನೂ ಇಬ್ಬರು ಇದ್ರು, ಗೊತ್ತೇ ಇರಲಿಲ್ಲ" ಅಂದಳು. ಮರುದಿನ ಬೆಳಗ್ಗೆಯೇ ತನ್ನ ಹಳೆಯ ಕಪ್ಪು ಶೂ ತಂದುಕೊಟ್ಟಳು, ಕೊನೆಯ ಸಲ ನೀವು ಕೊಟ್ಟದ್ದು. ಒರೆಸಿ, ಹೊಳಪು ಹಾಕಿ ತಂದಿದ್ದಳು. ಒರೆಸಬಾರದಿತ್ತು ಎಂದೆ, ನಕ್ಕಳು.

ಕರಾರಿಗೆ ಸಹಿ ಹಾಕಿದ್ದೇನೆ, ಆದರೆ ಮೇಜಿನ ಮೇಲಿದ್ದ ಕರಾರಿಗಲ್ಲ. ಟೈ ಸಾಹೇಬರಿಗೆ ನೇರವಾಗಿ ಹೇಳಿದೆ, ಬಿಳಿ ಕಪ್ಪು ನಿಮ್ಮದೇ ಎನ್ನಲು ಆಗುವುದಿಲ್ಲ ಎಂದು. ಅವರು ಕೋಪಿಸಿಕೊಳ್ಳಲಿಲ್ಲ. "ಕೆಳಗಿನ ಮೆಟ್ಟಿಲು ಒಂದಿದೆ ಅಕ್ಕ, ಸಾವಿರ ಜೊತೆ, ನೂರಕ್ಕೆ ಐದು, ಷರತ್ತಿಲ್ಲ. ಯಾರೂ ಕೇಳಲ್ಲ ಅಂತ ನಾವೂ ಹೇಳಲ್ಲ" ಅಂದರು. ಪಾಪ, ಅವರಿಗೂ ಮೇಲಿನವರ ಗುರಿ ಇದೆ. ಐದು ಸಾಕು. ಅಟ್ಟದ ಹಿಂದಿನ ಸಾಲು ಮತ್ತೆ ಕಾರ್ಖಾನೆಯವರದು, ಮೂರರಿಂದ ಹನ್ನೊಂದು. ಲೆಕ್ಕ ಹಾಕಿಯೇ ಮಾಡಿದ್ದೇನೆ, ಪ್ರೀತಿಗಲ್ಲ. ಸ್ವಲ್ಪ ಪ್ರೀತಿಗೂ.

ಹಳದಿಯ ಸುದ್ದಿ ಕೇಳಿ. ಬೆಳಗಿನ ಜಾವ ರಸ್ತೆ ಗುಡಿಸುವವರೊಬ್ಬರು ನಿಮ್ಮ ಮಗನ ಕಾಲು ನೋಡಿ, "ಇದು ಎಲ್ಲಿ ಸಿಗುತ್ತೆ? ಹಾಕ್ಕೊಂಡ್ರೆ ಗಾಡಿಯವರಿಗೆ ದೂರದಿಂದಲೇ ಕಾಣ್ತೀವಿ" ಎಂದು ಕೇಳಿದರಂತೆ. ಮೂವತ್ತೊಂದು ಜೊತೆ ಹೋಯಿತು. ನಿಮ್ಮ ಮಗ ಈಗ ಅಂಗಡಿ ನಡೆಯುತ್ತಿರುವುದೇ ತಮ್ಮಿಂದ ಎನ್ನುತ್ತಿದ್ದಾರೆ.

ಹುಡುಗಿಯ ಹಳೆಯ ಶೂ ನಿಮಗೇ ಕಳಿಸುತ್ತಿದ್ದೇನೆ. ಅವರಿಗೆ ಕಳಿಸಬೇಕಾದವರು ನೀವು, ನಾನಲ್ಲ.

ಈಗ ನೆಲದ ಮೇಲೆಯೇ ಕೂತು ಬರೆಯುತ್ತಿರುವ,
ನಿಮ್ಮ ಸೊಸೆ


ಏಪ್ರಿಲ್ ೧೪

ಯಜಮಾನರೇ, ಅಮ್ಮಾ,

ಈ ಕಾಗದವನ್ನು ಡಬ್ಬಿಯ ಒಳಗೆ ಇಡುತ್ತಿದ್ದೇನೆ. ನಿಮಗೆ ನಾನು ಯಾವತ್ತೂ ಡಬ್ಬಿಯಲ್ಲೇ ಮಾತಾಡಿದವನು. ಹನ್ನೆರಡು ಸಲ ಸುಳ್ಳು ಹೇಳಿದೆ, ಹನ್ನೆರಡು ಸಲ ನೀವು ನಿಜವನ್ನೇ ಕೇಳಿಸಿಕೊಂಡಿರಿ.

ನಿಮ್ಮ ಕಾರ್ಡಿಗೆ ಉತ್ತರ ಬರೆಯದಿದ್ದದ್ದಕ್ಕೆ ನನ್ನನ್ನು ಕ್ಷಮಿಸಿ. "ಎಲ್ಲ ಕ್ಷೇಮವೇ?" ಎಂದು ಕೇಳಿದವರಿಗೆ ಒಂದು ವರ್ಷ ಸುಮ್ಮನಿದ್ದೆ. ನೀವಿಬ್ಬರೂ ಅಲ್ಲಿ ಕೆಟ್ಟದ್ದನ್ನು ನೆನೆದುಕೊಂಡು ಕೂತಿದ್ದಿರಿ ಎಂದು ಓದಿದಾಗ, ಮಾಡಿದ ಮೋಸಕ್ಕಿಂತ ಅದೇ ಹೆಚ್ಚು ಚುಚ್ಚಿತು. ಉತ್ತರ ಇಲ್ಲಿದೆ: ಎಲ್ಲ ಕ್ಷೇಮ. ಮಗು ದಾದಿ ತರಬೇತಿಗೆ ಸೇರಿದ್ದಾಳೆ. ನೀವು ಹೊಲಿದ ಬೂಟಿನಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಾಳಂತೆ, ಕಾಲು ನೋಯುವುದಿಲ್ಲವಂತೆ. ನನ್ನ ಸೊಸೆಯಿಂದ ಮೊನ್ನೆ ತಿಳಿಯಿತು.

ನನಗೆ ಊರು ಕೊಟ್ಟ ಒಳ್ಳೆಯ ಹೆಸರಿನ ಮುಕ್ಕಾಲು ಭಾಗ ನಿಮ್ಮದು. ಕರಾರಿನ ಪ್ರಕಾರವೇ ವಾಪಸ್ ಮಾಡುತ್ತಿದ್ದೇನೆ. ನನ್ನ ಸೊಸೆ ಊರಿನಲ್ಲಿ ಕೇಳಿದವರಿಗೆಲ್ಲ, ಕೇಳದವರಿಗೂ, ಹೇಳುತ್ತಿದ್ದಾಳೆ. ಅವಳು ಕೆದಕದಿದ್ದರೆ ನಾನು ಇದನ್ನೆಲ್ಲ ಎದೆಯಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಅವಳಿಗೂ ನಿಮಗೂ ನಾನು ಋಣಿ. ಈ ವಯಸ್ಸಿನಲ್ಲಿ ಋಣದಲ್ಲಿರುವುದು ಇಷ್ಟು ಹಗುರವಾಗಿರುತ್ತದೆಂದು ಗೊತ್ತಿರಲಿಲ್ಲ.

ಕಾಲು ಇನ್ನಷ್ಟು ಬಗ್ಗಿದ ಮೇಲೆ ನಾನೇ ಬಂದು ಆ ಹಲಗೆಯನ್ನು ನೋಡಬೇಕು. ಅಷ್ಟರೊಳಗೆ ನೀವು ಕೇಳಿದ್ದನ್ನು ಕಳಿಸುತ್ತಿದ್ದೇನೆ. ಬಲಗಾಲು ಆರು, ಎಡಗಾಲು ನಾಲ್ಕು, ಹಿಮ್ಮಡಿಯ ಹೊರ ಅಂಚು ಸವೆದಿದೆ. ಮಗು ಹೊಳಪು ಹಾಕಿ ಕೊಟ್ಟಿದ್ದಾಳೆ, ಮನ್ನಿಸಿ. ಇದನ್ನು ನಿಮ್ಮ ಹಲಗೆಯ ಕೊನೆಯ ಡಬ್ಬಿಯ ಪಕ್ಕ ಇಡಿ. ಅಲ್ಲಿ ಎಡಗಾಲಿನ ಆರು, ಬಲಗಾಲಿನ ನಾಲ್ಕು ಕಾದಿವೆ. ಎರಡೂ ಜೊತೆ ಪೂರ್ತಿಯಾಗುತ್ತವೆ.

ಡಬ್ಬಿ ಒಂದೇ, ಎಣಿಸುವ ತೊಂದರೆಯಿಲ್ಲ. ಮುಚ್ಚಳದ ಮೇಲೆ ನನ್ನ ಕೈಯಾರೆ ದೊಡ್ಡದಾಗಿ ಬರೆದಿದ್ದೇನೆ: ತೆರೆದು ನೋಡಿ.

ನಿಮ್ಮ,
ಅಂಗಡಿಯವನು